ತಿದ್ದುವುದಕ್ಕೊಂದು ಷರತ್ತು

ಯಲ್ಲಾಪುರ, ಶಿರಸಿ, ಸಿದ್ದಾಪುರ ಸೀಮೆಯ ಅಡಿಕೆ ಬೆಳೆಗಾರನ ಒಂದು ವರ್ಷದ ದುಡಿಮೆಯು ಕಟ್ಟಕಡೆಗೆ ಒಂದು ಸಂಖ್ಯೆಯಾಗಿ ಪರಿಣಮಿಸುತ್ತದೆ. ಕೊನೆಕೊಯ್ಲು ಮುಗಿದು, ಅಡಿಕೆಯನ್ನು ಸುಲಿದು, ಬೇಯಿಸಿ, ಒಣಗಿಸಿ, ಮಾರುಕಟ್ಟೆಯ ಅಂಗಳಕ್ಕೆ ತಂದಮೇಲೆ ಅವನು ಕಾಯುವುದು ಟೆಂಡರಿನಲ್ಲಿ ತನ್ನ ಲಾಟಿಗೆ ಬೀಳುವ ಧಾರಣೆಗಾಗಿ. ಆ ಸಂಖ್ಯೆಯು ಎಲ್ಲಿ ಶೇಖರವಾಗಿರುತ್ತದೆ, ಅದನ್ನು ಯಾರು ಯಾವ ಕ್ರಮದಿಂದ ತಿದ್ದುತ್ತಾರೆ ಎಂಬುದನ್ನು ಅವನು ವಿಚಾರಿಸುವುದಿಲ್ಲ. ವಿಚಾರಿಸಬೇಕಾದ ಅಗತ್ಯವೂ ಅವನಿಗೆ ಬರಬಾರದು. ಆದರೆ ಮುಂದೆ ಗಣಕಯಂತ್ರಗಳಿಗೆ ಪ್ರೋಗ್ರಾಮುಗಳನ್ನು ಬರೆಯಲಿರುವ ನಮ್ಮ ವಿದ್ಯಾರ್ಥಿಗಳು ಅದನ್ನು ವಿಚಾರಿಸಲೇಬೇಕು. ಶೇಖರಿಸಿಟ್ಟ ಒಂದು ಬೆಲೆಯನ್ನು ತಿದ್ದುವ ಕೆಲಸವು ನೋಡುವುದಕ್ಕೆ ಎಷ್ಟು ಸುಲಭವೋ ಮಾಡುವುದಕ್ಕೆ ಅಷ್ಟೇ ಅಪಾಯಕರವಾದುದು. ಆ ಅಪಾಯಕ್ಕೆ ಪರಿಹಾರವೂ ಇದೆ. ಅದನ್ನು ಬಲ್ಲವರು ಸಹ ಬಳಸುವುದರಲ್ಲಿ ಉದಾಸೀನರಾಗಿರುವುದೇ ಈ ಲೇಖನಕ್ಕೆ ಕಾರಣ.

ಮೊದಲು ಹಳೆಯ ಕ್ರಮವನ್ನು ನೋಡೋಣ. ವ್ಯಾಪಾರಿಗಳು ರಾಶಿ, ಚಾಲಿ, ಕೆಂಪುಗೋಟು ಮುಂತಾದ ಲಾಟುಗಳನ್ನು ಪರೀಕ್ಷಿಸಿ, ತಾವು ಕೊಡಬಲ್ಲ ಧಾರಣೆಯನ್ನು ಚೀಟಿಯಲ್ಲಿ ಬರೆದು ಪೆಟ್ಟಿಗೆಯಲ್ಲಿ ಹಾಕುವರು. ವೇಳೆ ಮುಗಿದಮೇಲೆ ಚೀಟಿಗಳನ್ನು ತೆರೆದು, ಎಲ್ಲಕ್ಕಿಂತ ಹೆಚ್ಚಿನ ಧಾರಣೆಯನ್ನು ಸಾರುವರು. ಈ ಪದ್ಧತಿಯಲ್ಲಿ ಒಂದು ಗುಣವಿತ್ತು. ಅದು ಗುಣವೆಂದು ಯಾರಿಗೂ ತೋರದಷ್ಟು ಸಹಜವಾಗಿತ್ತು. ಒಬ್ಬನ ಚೀಟಿಯು ಇನ್ನೊಬ್ಬನ ಚೀಟಿಯನ್ನು ಅಳಿಸಲಾರದು. ಪೆಟ್ಟಿಗೆಯೊಳಗೆ ಹತ್ತು ಚೀಟಿಗಳು ಬಿದ್ದರೆ ಹತ್ತೂ ಹಾಗೆಯೇ ಉಳಿಯುತ್ತವೆ.

ಕರ್ನಾಟಕದಲ್ಲಿ 2014ರ ಫೆಬ್ರವರಿಯಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆಯು ಆರಂಭವಾಗಿ, ಕೃಷಿ ಮಾರುಕಟ್ಟೆಗಳ ಟೆಂಡರನ್ನು ಗಣಕದ ಮೂಲಕ ನಡೆಸುವ ಏರ್ಪಾಡು ಬೆಳೆಯಿತು. 2016ರ ಏಪ್ರಿಲ್ 14ರಂದು ಇ-ನಾಮ್ ಎಂಬ ರಾಷ್ಟ್ರೀಯ ವೇದಿಕೆಯೂ ಉದ್ಘಾಟನೆಗೊಂಡಿತು. ಈಗ ಚೀಟಿಯ ಸ್ಥಾನದಲ್ಲಿ ಪರದೆಯಿದೆ, ಪೆಟ್ಟಿಗೆಯ ಸ್ಥಾನದಲ್ಲಿ ದೂರದ ಸರ್ವರುಗಳಿವೆ. ಇದು ಒಳ್ಳೆಯ ಬದಲಾವಣೆಯೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಚೀಟಿಯ ಪೆಟ್ಟಿಗೆಯಲ್ಲಿ ತಾನಾಗಿಯೇ ದೊರೆಯುತ್ತಿದ್ದ ಆ ಸಹಜ ಗುಣವು ಗಣಕದಲ್ಲಿ ತಾನಾಗಿ ದೊರೆಯುವುದಿಲ್ಲ. ಪ್ರೋಗ್ರಾಮನ್ನು ಬರೆಯುವವನು ಅದನ್ನು ಬೇಕೆಂದೇ ಒದಗಿಸಬೇಕು.

ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ಯಾವುದೇ ಮಾರುಕಟ್ಟೆಯಲ್ಲಿ ಹೀಗೆ ನಡೆದಿದೆಯೆಂದು ಇದರ ಅರ್ಥವಲ್ಲ. ಹತ್ತು ಕ್ವಿಂಟಲ್ ರಾಶಿ ಅಡಿಕೆಯ ಒಂದು ಲಾಟಿಗೆ ಈವರೆಗೆ ಬಂದ ಅತ್ಯಧಿಕ ಧಾರಣೆಯು ಕ್ವಿಂಟಲಿಗೆ 48,000 ರೂಪಾಯಿ. ಪ್ರೋಗ್ರಾಮು ಈ ಒಂದು ಸಂಖ್ಯೆಯನ್ನು ಒಂದು ಕಡೆ ಇಟ್ಟುಕೊಂಡಿದೆ. ಹೊಸ ಧಾರಣೆ ಬಂದಾಗಲೆಲ್ಲ ಅದು ಹಳೆಯ ಸಂಖ್ಯೆಯನ್ನು ಓದಿ, ಹೊಸದು ಹೆಚ್ಚಾಗಿದ್ದರೆ ಅದನ್ನು ಹಳೆಯದರ ಮೇಲೆ ಬರೆಯುತ್ತದೆ. ಟೆಂಡರ್ ಮುಗಿಯುವ ಕೊನೆಯ ನಿಮಿಷದಲ್ಲಿ ಯಲ್ಲಾಪುರದ ಒಬ್ಬ ವ್ಯಾಪಾರಿ 48,500 ಎಂದೂ ಶಿರಸಿಯ ಇನ್ನೊಬ್ಬನು 48,300 ಎಂದೂ ಒಮ್ಮೆಗೇ ಕಳುಹಿಸುತ್ತಾರೆ. ಎರಡು ಸರ್ವರುಗಳು ಈ ಎರಡು ಧಾರಣೆಗಳನ್ನು ಬೇರೆಬೇರೆಯಾಗಿ ಸ್ವೀಕರಿಸುತ್ತವೆ. ಮೊದಲನೆಯದು 48,000 ಎಂದು ಓದುತ್ತದೆ. ಎರಡನೆಯದೂ 48,000 ಎಂದೇ ಓದುತ್ತದೆ. ಮೊದಲನೆಯದು ಹೋಲಿಸಿ ನೋಡಿ 48,500 ಎಂದು ಬರೆಯುತ್ತದೆ. ಎರಡನೆಯದು ತಾನು ಓದಿದ 48,000ಕ್ಕಿಂತ 48,300 ಹೆಚ್ಚೆಂದು ಕಂಡು, 48,300 ಎಂದು ಬರೆದುಬಿಡುತ್ತದೆ.

ಈಗ ಉಳಿದಿರುವ ಸಂಖ್ಯೆ ಯಾವುದು? 48,300. ಬೆಳೆಗಾರನಿಗೆ ಕ್ವಿಂಟಲಿಗೆ 200 ರೂಪಾಯಿಯಂತೆ, ಹತ್ತು ಕ್ವಿಂಟಲಿಗೆ 2,000 ರೂಪಾಯಿ ನಷ್ಟವಾಯಿತು. ಇಲ್ಲಿ ಯಾರೂ ಮೋಸ ಮಾಡಲಿಲ್ಲ. ಯಂತ್ರವೂ ಕೆಡಲಿಲ್ಲ. ಎರಡು ಸರ್ವರುಗಳೂ ತಮಗೆ ಹೇಳಿದ ಕೆಲಸವನ್ನು ಅಕ್ಷರಶಃ ನಡೆಸಿದವು. ಯಾವ ಎಚ್ಚರಿಕೆಯ ಗಂಟೆಯೂ ಬಾರಿಸಲಿಲ್ಲ. ಬೆಳೆಗಾರನು 48,300ಕ್ಕೆ ಒಪ್ಪಿಗೆಯಿತ್ತು ಮನೆಗೆ ಹೋದನು; ತನ್ನ ಲಾಟಿಗೆ ಇನ್ನೂ ಹೆಚ್ಚಿನ ಧಾರಣೆ ಬಂದಿತ್ತೆಂಬುದು ಅವನಿಗೆ ಎಂದೆಂದಿಗೂ ತಿಳಿಯುವುದಿಲ್ಲ. ಗಣಕ ವಿಜ್ಞಾನದಲ್ಲಿ ಇದಕ್ಕೆ ಕಳೆದುಹೋದ ತಿದ್ದುಪಡಿ ಎಂದು ಹೆಸರು. ಹೊಲದ ಬೆಳೆಯನ್ನು ಕಾಡುಹಂದಿ ಮೇದರೆ ಗುರುತಾದರೂ ಕಾಣುತ್ತದೆ. ಈ ನಷ್ಟಕ್ಕೆ ಗುರುತೂ ಇಲ್ಲ.

ಇಂತಹ ಸಂಖ್ಯೆಯನ್ನು ಹಾಗೆ ಒಂದು ಕಡೆ ಏಕೆ ಇಟ್ಟುಕೊಳ್ಳಬೇಕು ಎಂದು ವಾಚಕರು ಕೇಳಬಹುದು. ಇದಕ್ಕೆ ಕಾರಣ ವೇಗ. ತಿರುಗುವ ಡಿಸ್ಕಿನಿಂದ ಒಂದು ಸಂಗತಿಯನ್ನು ಹುಡುಕಿ ತೆಗೆಯಲು ಸುಮಾರು ಒಂದು ಸೆಕೆಂಡಿನ ನೂರನೆಯ ಒಂದು ಭಾಗ ಬೇಕಾಗುತ್ತದೆ. ಗಣಕದ ಮೆಮರಿಯಿಂದ ತೆಗೆಯಲು ಸೆಕೆಂಡಿನ ಕೋಟಿಯ ಒಂದು ಭಾಗದಷ್ಟು ಕಾಲ ಸಾಕು. ಅಂದರೆ ಮೆಮರಿಯು ಸುಮಾರು ಒಂದು ಲಕ್ಷ ಪಾಲು ವೇಗವಾದುದು. ಮಲೆನಾಡಿನ ಮನೆಗಳಲ್ಲಿ ಅಕ್ಕಿಯ ಕಣಜವು ಒಳಗೆ ಉಗ್ರಾಣದಲ್ಲಿದ್ದರೂ ದಿನದ ಬಳಕೆಗೆ ಅಡುಗೆಮನೆಯಲ್ಲಿ ಒಂದು ಡಬ್ಬಿ ಇರುವುದಿಲ್ಲವೇ? ಹಾಗೆಯೇ ಎಲ್ಲ ದಾಖಲೆಗಳೂ ಡೇಟಾಬೇಸಿನಲ್ಲಿ ಭದ್ರವಾಗಿದ್ದರೂ, ಪದೇಪದೇ ಬೇಕಾಗುವುದನ್ನು ಮೆಮರಿಯಲ್ಲಿ ಇಟ್ಟುಕೊಳ್ಳುತ್ತಾರೆ. ಈ ಕೈಡಬ್ಬಿಗೆ ಕ್ಯಾಶ್ ಎನ್ನುತ್ತಾರೆ. ನಗದು ಹಣಕ್ಕೂ ಈ ಪದಕ್ಕೂ ಸಂಬಂಧವಿಲ್ಲ.

ಒಂದು ಯಂತ್ರದ ಮೆಮರಿಯು ಸಾಲದಾದಾಗ ಹಲವು ಯಂತ್ರಗಳ ಮೆಮರಿಗಳನ್ನು ಒಟ್ಟುಗೂಡಿಸಿ ಒಂದೇ ಕ್ಯಾಶಿನಂತೆ ಬಳಸುವುದುಂಟು. ಇದೇ ಹಂಚಿಕೆಯ ಕ್ಯಾಶ್. 2003ರಲ್ಲಿ ಬ್ರಾಡ್ ಫಿಟ್ಸ್‌ಪ್ಯಾಟ್ರಿಕ್ ಎಂಬುವರು ಅಮೆರಿಕದ ಲೈವ್‌ಜರ್ನಲ್ ಎಂಬ ತಾಣಕ್ಕಾಗಿ ರಚಿಸಿದ ಮೆಮ್‌ಕ್ಯಾಶ್ಡ್ ಎಂಬುದು ಈ ಬಗೆಯಲ್ಲಿ ಬಹು ಪ್ರಸಿದ್ಧವಾದುದು. ಇದರಲ್ಲಿ ಪ್ರತಿಯೊಂದು ಬೆಲೆಗೂ ಒಂದು ಹೆಸರಿರುತ್ತದೆ. ಆ ಹೆಸರಿನ ಅಕ್ಷರಗಳ ಮೇಲೆ ಒಂದು ಗಣಿತಕ್ರಿಯೆ ನಡೆಸಿ, ಅದು ಯಾವ ಯಂತ್ರದಲ್ಲಿರಬೇಕೆಂದು ಕೇಳುವವನೇ ನಿರ್ಧರಿಸಿಕೊಳ್ಳುತ್ತಾನೆ. ಕ್ಯಾಶಿನ ಯಂತ್ರಗಳು ತಮ್ಮತಮ್ಮೊಳಗೆ ಮಾತನಾಡಿಕೊಳ್ಳುವುದಿಲ್ಲ. ಆದುದರಿಂದಲೇ ಅವು ಅಷ್ಟು ಚುರುಕು. ಆದರೆ ನೂರಾರು ಪ್ರೋಗ್ರಾಮುಗಳು ಒಂದೇ ಹೆಸರಿನ ಬೆಲೆಯನ್ನು ಏಕಕಾಲದಲ್ಲಿ ಓದಿ ತಿದ್ದಲು ಬರುವುದರಿಂದ, ಮೇಲೆ ಹೇಳಿದ ಅಪಾಯವು ಇಲ್ಲಿ ವಿಶೇಷವಾಗಿದೆ.

ಪರಿಹಾರವೇನು? ಒಂದು ಮಾರ್ಗವೆಂದರೆ ಬೀಗ ಹಾಕುವುದು. ಗುಮಾಸ್ತನು ಖಾತೆ ಪುಸ್ತಕವನ್ನು ಕೈಗೆತ್ತಿಕೊಂಡಮೇಲೆ, ಅವನು ಕೆಳಗಿಡುವವರೆಗೆ ಇನ್ನಾರೂ ಅದನ್ನು ಮುಟ್ಟಕೂಡದು. ಇದು ನಿಶ್ಚಿತವಾದ ಮಾರ್ಗವೇ ಸರಿ. ಆದರೆ ಗುಮಾಸ್ತನು ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಊಟಕ್ಕೆ ಹೋದರೆ ಕಚೇರಿಯೇ ನಿಲ್ಲುತ್ತದೆ. ದೂರದ ಯಂತ್ರವೊಂದು ಬೀಗ ಹಾಕಿ ನಡುವೆ ಕೆಟ್ಟು ನಿಂತರೂ ಹಾಗೆಯೇ ಆಗುತ್ತದೆ.

ಎರಡನೆಯ ಮಾರ್ಗ ಷರತ್ತಿನ ತಿದ್ದುಪಡಿ. ಮೆಮ್‌ಕ್ಯಾಶ್ಡಿನಲ್ಲಿ ಬೆಲೆಯನ್ನು ಗೆಟ್ಸ್ ಎಂಬ ಆಜ್ಞೆಯಿಂದ ಓದಿದರೆ, ಬೆಲೆಯ ಜೊತೆಗೆ ಒಂದು ಗುರುತಂಕಿಯೂ ದೊರೆಯುತ್ತದೆ. ಬೆಲೆಯನ್ನು ಯಾರಾದರೂ ತಿದ್ದಿದಾಗಲೆಲ್ಲ ಈ ಅಂಕಿಯು ಬದಲಾಗುತ್ತದೆ. ಹೊಸ ಬೆಲೆಯನ್ನು ಬರೆಯುವಾಗ ಕ್ಯಾಸ್ ಎಂಬ ಆಜ್ಞೆಯೊಡನೆ ಆ ಗುರುತಂಕಿಯನ್ನು ಹಿಂದಕ್ಕೆ ಒಪ್ಪಿಸಬೇಕು. ಸರ್ವರಿಗೆ ನಾವು ಹೇಳುವುದು ಇಷ್ಟು: ನಾನು ಓದಿದಾಗ ಇದ್ದ ಗುರುತು ಇನ್ನೂ ಅದೇ ಆಗಿದ್ದರೆ ಮಾತ್ರ ಬರೆ, ಇಲ್ಲವಾದರೆ ಬರೆಯಬೇಡ. ಸರ್ವರು ಮೂರರಲ್ಲಿ ಒಂದು ಉತ್ತರ ಕೊಡುತ್ತದೆ: ಬರೆದೆನು, ನಡುವೆ ಇನ್ನಾರೋ ತಿದ್ದಿದ್ದಾರೆ, ಆದುದರಿಂದ ಬರೆಯಲಿಲ್ಲ, ಅಂತಹ ಹೆಸರೇ ಈಗ ಇಲ್ಲ.

ನಮ್ಮ ಲಾಟಿಗೆ ಇದನ್ನು ಅನ್ವಯಿಸಿ ನೋಡೋಣ. ಎರಡು ಸರ್ವರುಗಳೂ 48,000 ಎಂಬುದನ್ನು 71 ಎಂಬ ಗುರುತಂಕಿಯೊಡನೆ ಓದುತ್ತವೆ. ಮೊದಲನೆಯದು 48,500ನ್ನು 71ರೊಡನೆ ಕಳುಹಿಸುತ್ತದೆ. ಗುರುತು ಸರಿಯಿದೆ, ಬೆಲೆ ಬದಲಾಗುತ್ತದೆ, ಗುರುತು 75 ಆಗುತ್ತದೆ ಎಂದಿಟ್ಟುಕೊಳ್ಳಿ. ಎರಡನೆಯದು 48,300ನ್ನು 71ರೊಡನೆ ತರುತ್ತದೆ. ಗುರುತು ಹೊಂದುವುದಿಲ್ಲ, ನಿರಾಕರಣೆ ಸಿಗುತ್ತದೆ. ಆಗ ಅದು ಹೊಸದಾಗಿ ಓದಿದರೆ 48,500 ಕಾಣುತ್ತದೆ. ತನ್ನ 48,300 ಅದಕ್ಕಿಂತ ಕಡಿಮೆಯೆಂದು ತಿಳಿದು ಸುಮ್ಮನಾಗುತ್ತದೆ. ಬೆಳೆಗಾರನ 2,000 ರೂಪಾಯಿ ಉಳಿಯಿತು.

ಇಲ್ಲಿ ಒಂದು ಸೂಕ್ಷ್ಮವಿದೆ. ಬರೆಯುವ ಮೊದಲು ಇನ್ನೊಮ್ಮೆ ಓದಿ ನೋಡಿದರೆ ಸಾಲದೇ ಎಂದು ಕೆಲವರು ಕೇಳುವರು. ಸಾಲದು. ಇನ್ನೊಮ್ಮೆ ಓದಿದ್ದಕ್ಕೂ ಬರೆಯುವುದಕ್ಕೂ ನಡುವೆ ಮತ್ತೆ ಒಂದು ಸಂದು ಇದ್ದೇ ಇರುತ್ತದೆ. ಆ ಸಂದಿನಲ್ಲಿ ಇನ್ನೊಬ್ಬನು ನುಸುಳಬಹುದು. ಹೋಲಿಸುವುದು, ಬರೆಯುವುದು ಎರಡೂ ಬೇರ್ಪಡಿಸಲಾಗದ ಒಂದೇ ಕ್ರಿಯೆಯಾಗಬೇಕು. ಅದು ಬೆಲೆಯು ಇರುವ ಸ್ಥಳದಲ್ಲಿಯೇ ನಡೆಯಬೇಕು. ಈ ತತ್ತ್ವವು ಹೊಸದಲ್ಲ. 1970ರಲ್ಲಿ ಪ್ರಕಟವಾದ ಐಬಿಎಂ ಸಂಸ್ಥೆಯ ಸಿಸ್ಟಮ್ 370 ಗಣಕಗಳಲ್ಲಿ ಹೋಲಿಸಿ ಬದಲಿಸುವ ಒಂದು ಮೂಲ ಆಜ್ಞೆಯೇ ಇತ್ತು. 1989ರ ಇಂಟೆಲ್ 80486 ಸಂಸ್ಕಾರಕದಲ್ಲಿಯೂ ಅದು ಬಂದಿತು. 1981ರಲ್ಲಿ ಕುಂಗ್ ಮತ್ತು ರಾಬಿನ್‌ಸನ್ ಎಂಬ ವಿಜ್ಞಾನಿಗಳು, ಬೀಗ ಹಾಕದೆ ಕೆಲಸ ನಡೆಸಿ ಕೊನೆಯಲ್ಲಿ ಪರೀಕ್ಷಿಸುವ ಆಶಾವಾದಿ ಕ್ರಮವನ್ನು ಡೇಟಾಬೇಸುಗಳಿಗಾಗಿ ವಿವರಿಸಿದರು. 1991ರಲ್ಲಿ ಮಾರಿಸ್ ಹರ್ಲಿಹಿಯವರು, ಎಷ್ಟೇ ಮಂದಿ ಏಕಕಾಲದಲ್ಲಿ ಸ್ಪರ್ಧಿಸಿದರೂ ಅವರಲ್ಲಿ ಒಮ್ಮತವನ್ನು ಸಾಧಿಸುವ ಶಕ್ತಿ ಈ ಕ್ರಿಯೆಗಿದೆಯೆಂದೂ, ಕೇವಲ ಓದುವ ಮತ್ತು ಬರೆಯುವ ಕ್ರಿಯೆಗಳಿಗೆ ಆ ಶಕ್ತಿಯಿಲ್ಲವೆಂದೂ ಗಣಿತದ ಮೂಲಕ ಸಾಧಿಸಿ ತೋರಿಸಿದರು.

ಗುರುತಂಕಿಯೇ ಏಕೆ, ಬೆಲೆಯನ್ನೇ ಹೋಲಿಸಬಾರದೇ ಎಂಬುದು ಇನ್ನೊಂದು ಒಳ್ಳೆಯ ಪ್ರಶ್ನೆ. ಧಾರಣೆಯು 48,000ದಿಂದ 48,500ಕ್ಕೆ ಏರಿ, ಆ ವ್ಯಾಪಾರಿಯ ಟೆಂಡರು ಅಸಿಂಧುವಾದ್ದರಿಂದ ಮತ್ತೆ 48,000ಕ್ಕೆ ಇಳಿದಿದೆಯೆಂದು ತಿಳಿಯಿರಿ. ಬೆಲೆಯನ್ನು ಮಾತ್ರ ನೋಡಿದವನಿಗೆ ಏನೂ ನಡೆದಂತೆ ತೋರುವುದಿಲ್ಲ. ಆದರೆ ನಡುವೆ ಬಹಳ ನಡೆದಿದೆ. ಗುರುತಂಕಿಯು ಹಿಂದಕ್ಕೆ ಹೋಗುವುದಿಲ್ಲವಾದ್ದರಿಂದ ಅದು ಈ ಭ್ರಮೆಗೆ ಅವಕಾಶ ಕೊಡುವುದಿಲ್ಲ. ಮೆಮ್‌ಕ್ಯಾಶ್ಡಿನಲ್ಲಿ ಇದು 64 ಬಿಟ್ಟುಗಳ ಸಂಖ್ಯೆ, ಮುಗಿದುಹೋಗುವ ಭಯವಿಲ್ಲ.

ಇನ್ನು ನಮ್ಮ ಅಭಿಪ್ರಾಯಕ್ಕೆ ಬರೋಣ. ಈ ಸಾಧನವು ಕೈಯಲ್ಲಿದ್ದರೂ ಪ್ರೋಗ್ರಾಮುಗಳನ್ನು ಬರೆಯುವವರಲ್ಲಿ ಎರಡು ದುರಭ್ಯಾಸಗಳಿವೆ. ಷರತ್ತಿಲ್ಲದ ಬರವಣಿಗೆಯೇ ಸುಲಭವೆಂದು ಅದನ್ನೇ ಬಳಸುವುದು ಒಂದು. ಷರತ್ತನ್ನು ಹಾಕಿಯೂ ಉತ್ತರವನ್ನು ನೋಡದೆ ಮುಂದಕ್ಕೆ ಹೋಗುವುದು ಇನ್ನೊಂದು. ಎರಡಕ್ಕೂ ಬೇರು ಒಂದೇ: ಯಂತ್ರವು ಒಲ್ಲೆನೆಂದರೆ ಅದು ವಿಘ್ನವೆಂಬ ಭಾವನೆ. ನಾವು ಇದಕ್ಕೆ ವಿರುದ್ಧವಾದ ಮತವನ್ನು ಮುಂದಿಡುತ್ತೇವೆ. ಆ ನಿರಾಕರಣೆಯೇ ಸರ್ವರು ಕೊಡುವ ಉತ್ತರಗಳಲ್ಲಿ ಅತ್ಯಂತ ಬೆಲೆಯುಳ್ಳದ್ದು. ನಿನ್ನ ತಿಳಿವಳಿಕೆ ಹಳೆಯದಾಗಿದೆ, ಹೊಸದನ್ನು ನೋಡಿ ಮತ್ತೆ ನಿರ್ಧರಿಸು ಎಂದು ಅದು ಹೇಳುತ್ತದೆ. ಷರತ್ತಿಲ್ಲದ ಬರವಣಿಗೆಯಲ್ಲಿ ಕೊನೆಯಲ್ಲಿ ಬರೆದವನು ಗೆಲ್ಲುತ್ತಾನೆ. ಹೆಚ್ಚು ಕೊಟ್ಟವನೂ ಅಲ್ಲ, ಮೊದಲು ಬಂದವನೂ ಅಲ್ಲ. ಇಂತಹ ನಿಯಮವನ್ನು ಯಾವ ಮಾರುಕಟ್ಟೆಯ ಸಭೆಯಲ್ಲಿ ಮಂಡಿಸಿದರೂ ಜನರು ಒಪ್ಪುವುದಿಲ್ಲ. ಹಾಗಿರುವಾಗ ಅದೇ ನಿಯಮವು ಪ್ರೋಗ್ರಾಮಿನೊಳಗೆ ಹೇಳದೆ ಕೇಳದೆ ಜಾರಿಗೆ ಬರುವುದು ನ್ಯಾಯವೇ?

ಇದು ಲಕ್ಷಕ್ಕೊಮ್ಮೆ ಆಗುವ ಅಪಘಾತ, ಇದಕ್ಕಾಗಿ ಇಷ್ಟು ತಲೆಕೆಡಿಸಿಕೊಳ್ಳಬೇಕೇ ಎನ್ನುವವರುಂಟು. ಲಕ್ಷಕ್ಕೊಮ್ಮೆಯೇ ಎಂದು ಒಪ್ಪಿಕೊಳ್ಳೋಣ. ದಿನಕ್ಕೆ ಹತ್ತು ಲಕ್ಷ ತಿದ್ದುಪಡಿಗಳು ನಡೆಯುವ ಕಡೆ ಅದು ದಿನಕ್ಕೆ ಹತ್ತು ಸಲ ಆಗುತ್ತದೆ. ಅದಕ್ಕಿಂತ ಮುಖ್ಯವಾದ ಮಾತೆಂದರೆ ಈ ಅಪಘಾತವು ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. ಯಾವ ಲಾಟಿಗೆ ಹೆಚ್ಚು ಮಂದಿ ಮುಗಿಬೀಳುತ್ತಾರೋ, ಯಾವ ನಿಮಿಷದಲ್ಲಿ ಹೆಚ್ಚು ನೂಕುನುಗ್ಗಲೋ, ಘರ್ಷಣೆಯೂ ಅಲ್ಲಿಯೇ ಹೆಚ್ಚು. ಅಂದರೆ ಎಲ್ಲಕ್ಕಿಂತ ಒಳ್ಳೆಯ ಅಡಿಕೆಯನ್ನು ತಂದವನಿಗೇ ನಷ್ಟದ ಸಂಭವ ಹೆಚ್ಚು.

ಷರತ್ತಿನಿಂದ ಕೆಲಸ ನಿಧಾನವಾಗುವುದೆಂಬ ಆಕ್ಷೇಪದಲ್ಲಿ ಸ್ವಲ್ಪ ಸತ್ಯವಿದೆ. ನಿರಾಕರಣೆಗೊಂಡವನು ಮತ್ತೆ ಓದಿ ಮತ್ತೆ ಪ್ರಯತ್ನಿಸಬೇಕು. ನೂಕುನುಗ್ಗಲಿನಲ್ಲಿ ಒಬ್ಬನೇ ಹಲವು ಸಲ ಸೋಲಬಹುದು. ಆದುದರಿಂದ ಪ್ರತಿ ಸೋಲಿನ ನಂತರ ಸ್ವಲ್ಪ ಕಾಲ ತಡೆದು ಪ್ರಯತ್ನಿಸುವುದೂ, ಪ್ರಯತ್ನಗಳಿಗೆ ಮಿತಿಯಿಟ್ಟು, ಮಿತಿ ಮೀರಿದರೆ ಬಳಕೆದಾರನಿಗೆ ಸ್ಪಷ್ಟವಾಗಿ ತಿಳಿಸುವುದೂ ಅವಶ್ಯಕ. ಎಲ್ಲೆಡೆಯೂ ಷರತ್ತು ಬೇಕೆಂದೂ ನಾವು ಹೇಳುವುದಿಲ್ಲ. ಒಂದು ಲೇಖನವನ್ನು ಎಷ್ಟು ಮಂದಿ ಓದಿದರೆಂಬ ಲೆಕ್ಕಕ್ಕೆ ಒಂದೊಂದಾಗಿ ಕೂಡಿಸುವ ಬೇರೆ ಆಜ್ಞೆಯೇ ಸಾಕು. ಆದರೆ ಒಬ್ಬನ ಹಣ, ಹಕ್ಕು ಅಥವಾ ಸರದಿಯು ಒಂದು ಸಂಖ್ಯೆಯ ಮೇಲೆ ನಿಂತಿರುವಲ್ಲಿ ಷರತ್ತು ಇರಲೇಬೇಕು.

ಈ ಉಪಾಯದ ಮಿತಿಗಳನ್ನೂ ತರುಣರು ಅರಿತಿರಬೇಕು. ಮೊದಲನೆಯದಾಗಿ, ಅದು ಒಂದು ಹೆಸರಿನ ಒಂದು ಬೆಲೆಯನ್ನು ಮಾತ್ರ ಕಾಯುತ್ತದೆ. ಲಾಟಿನ ಧಾರಣೆ, ವ್ಯಾಪಾರಿಯ ಠೇವಣಿ ಎರಡನ್ನೂ ಒಟ್ಟಿಗೆ ತಿದ್ದಬೇಕಾದರೆ ಡೇಟಾಬೇಸಿನ ವ್ಯವಹಾರವಿಧಿಗೇ ಶರಣುಹೋಗಬೇಕು. ಎರಡನೆಯದಾಗಿ, ಕ್ಯಾಶ್ ಎಂಬುದು ಮರೆಯುವ ಸ್ವಭಾವದ್ದು. ಸ್ಥಳ ಸಾಲದಾದಾಗ ಬಹುಕಾಲದಿಂದ ಯಾರೂ ಕೇಳದುದನ್ನು ಅದು ಹೊರಗೆ ಹಾಕುತ್ತದೆ. ಯಂತ್ರ ನಿಂತರೆ ಎಲ್ಲವನ್ನೂ ಕಳೆದುಕೊಳ್ಳುತ್ತದೆ. ಆದುದರಿಂದ ಪ್ರತಿಯೊಬ್ಬ ವ್ಯಾಪಾರಿಯ ಪ್ರತಿಯೊಂದು ಧಾರಣೆಯೂ, ಹಳೆಯ ಚೀಟಿಗಳಂತೆ, ಡೇಟಾಬೇಸಿನಲ್ಲಿ ಬೇರೆಬೇರೆಯಾಗಿ ಉಳಿಯಬೇಕು. ಕೊನೆಯ ತೀರ್ಮಾನವು ಅದರಿಂದಲೇ ಆಗಬೇಕು.

ಈ ಮಾತು ನಮ್ಮ ರೈತರಿಗೆ ಹೊಸದಲ್ಲ. ಪೆಟ್ಟಿಗೆಯಲ್ಲಿಟ್ಟ ಪಹಣಿಯ ಹಳೆಯ ಪ್ರತಿಯು ಒಂದು ಬಗೆಯ ಕ್ಯಾಶೇ. ಸಾಲ ಕೇಳಲು ಹೋದರೆ ಬ್ಯಾಂಕಿನವರು ಹೊಸ ಪ್ರತಿಯನ್ನು ತರಹೇಳುತ್ತಾರೆ. ನಡುವೆ ಜಮೀನು ಕೈಬದಲಾಗಿರಬಹುದಲ್ಲವೇ? ಪಹಣಿಯಲ್ಲಿ ಹೆಸರು ಬದಲಾಗಬೇಕಾದರೂ 1964ರ ಕರ್ನಾಟಕ ಭೂಕಂದಾಯ ಕಾಯಿದೆಯು ಸಂಬಂಧಪಟ್ಟವರಿಗೆ ನೋಟೀಸು ಕೊಟ್ಟು, ಆಕ್ಷೇಪಣೆಗೆ ಅವಕಾಶವಿತ್ತು, ಆಮೇಲೆ ಬರೆಯಬೇಕೆಂದು ವಿಧಿಸಿತು. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಭೂದಾಖಲೆಗಳು ಗಣಕಕ್ಕೆ ಏರಿದಾಗ ವೇಗವು ಹೆಚ್ಚಿತು. ಆದರೆ ಷರತ್ತಿಲ್ಲದೆ ಬರೆಯಬಾರದೆಂಬ ನಿಯಮವು ಹೋಗಲಿಲ್ಲ. ಅಲ್ಲಿ ವಾರಗಟ್ಟಲೆ ನಡೆಯುವ ವಿವೇಕವನ್ನೇ ಕ್ಯಾಶಿನಲ್ಲಿ ಸೆಕೆಂಡಿನ ಸಾವಿರದ ಒಂದು ಭಾಗದೊಳಗೆ ನಡೆಸಬೇಕಾಗಿದೆ.

ದೊಡ್ಡ ಸಂಸ್ಥೆಗಳೂ ಇದೇ ಪಾಠವನ್ನು ಕಲಿತಿವೆ. ಫೇಸ್‌ಬುಕ್ಕಿನ ಎಂಜಿನಿಯರುಗಳು 2013ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಹಳಸಿದ ಬೆಲೆಯು ಕ್ಯಾಶಿಗೆ ಸೇರದಂತೆ ತಡೆಯಲು ತಾವು ಬಳಸಿದ 64 ಬಿಟ್ಟುಗಳ ಪರವಾನಗಿ ಚೀಟಿಯನ್ನು ವರ್ಣಿಸಿದ್ದಾರೆ. ಬೆಲೆ ಕ್ಯಾಶಿನಲ್ಲಿ ಇಲ್ಲದಾಗ ಕೇಳಿದವನಿಗೆ ಒಂದು ಚೀಟಿ ಕೊಡುತ್ತಾರೆ. ಅವನು ಡೇಟಾಬೇಸಿನಿಂದ ಬೆಲೆ ತರುವಷ್ಟರಲ್ಲಿ ಅದು ಬದಲಾಗಿದ್ದರೆ ಚೀಟಿ ರದ್ದಾಗಿರುತ್ತದೆ, ಬರವಣಿಗೆ ನಿರಾಕೃತವಾಗುತ್ತದೆ. ಇದಕ್ಕೆ ಇನ್ನೊಂದು ಪ್ರಯೋಜನವೂ ದೊರೆಯಿತು. ಒಂದು ಬಗೆಯ ಬೆಲೆಗಳಿಗಾಗಿ ಡೇಟಾಬೇಸಿಗೆ ಬರುತ್ತಿದ್ದ ಗರಿಷ್ಠ ಪ್ರಶ್ನೆಗಳು ಸೆಕೆಂಡಿಗೆ 17,000ದಿಂದ 1,300ಕ್ಕೆ ಇಳಿದವು. ನಿರಾಕರಿಸಲು ಕಲಿತ ಯಂತ್ರವು ಯಾವಾಗಲೂ ನಿಧಾನವೇ ಎಂಬ ಮಾತಿಗೆ ಇದೇ ಉತ್ತರ.

ನಮ್ಮ ಹೈಸ್ಕೂಲು ಕಾಲೇಜುಗಳಲ್ಲಿ ಪ್ರೋಗ್ರಾಮು ಬರೆಯುವುದನ್ನು ಕಲಿಸುವಾಗ ಒಬ್ಬನೇ ಬರೆಯುವ, ಒಬ್ಬನೇ ಓದುವ ಲೋಕವನ್ನು ಊಹಿಸಿಕೊಳ್ಳುತ್ತಾರೆ. ಹೊರಗಿನ ಲೋಕ ಹಾಗಿಲ್ಲ. ಅಲ್ಲಿ ಪ್ರತಿಯೊಂದು ಸಂಖ್ಯೆಯ ಸುತ್ತಲೂ ಜಾತ್ರೆಯಷ್ಟು ಜನ. ಇದನ್ನು ತಿಳಿಯಲು ಗಣಕವೇ ಬೇಕೆಂದಿಲ್ಲ. ಒಂದು ಕಪ್ಪುಹಲಗೆ ಸಾಕು. ಹಲಗೆಯ ಮೇಲೆ 0 ಎಂದು ಬರೆಯಿರಿ. ಇಬ್ಬರು ವಿದ್ಯಾರ್ಥಿಗಳು ತಲಾ 20 ಸಲ, ಹಲಗೆಯ ಸಂಖ್ಯೆಯನ್ನು ಓದಿ, ಹಿಂದಿನ ಬೆಂಚಿಗೆ ಹೋಗಿ ಪುಸ್ತಕದಲ್ಲಿ 1ನ್ನು ಕೂಡಿಸಿ, ಮರಳಿ ಬಂದು ಮೊತ್ತವನ್ನು ಹಲಗೆಯ ಮೇಲೆ ಬರೆಯಲಿ; ಒಬ್ಬರಿಗೊಬ್ಬರು ಕಾಯಬಾರದು. ಕೊನೆಗೆ 40 ಬರಬೇಕು, ಬಹುಮಟ್ಟಿಗೆ ಬರುವುದಿಲ್ಲ. ಅನಂತರ ಹಲಗೆಯ ಮೂಲೆಯಲ್ಲಿ ಒಂದು ಗುರುತಂಕಿಯನ್ನಿಟ್ಟು, ಮೂರನೆಯವನೊಬ್ಬನನ್ನು ಕಾವಲು ನಿಲ್ಲಿಸಿ. ಪ್ರತಿ ತಿದ್ದುಪಡಿಗೂ ಅವನು ಗುರುತನ್ನು ಬದಲಿಸಲಿ. ಹಳೆಯ ಗುರುತನ್ನು ತಂದವನನ್ನು ಹಿಂದಕ್ಕೆ ಕಳುಹಿಸಲಿ. ಈ ಸಲ ನಡೆದಾಟ ಹೆಚ್ಚಾಗುತ್ತದೆ, ಹೊತ್ತೂ ಹೆಚ್ಚು ಬೇಕಾಗುತ್ತದೆ. ಆದರೆ ಮೊತ್ತವು 40ಕ್ಕೆ ಒಂದೂ ಕಡಿಮೆಯಾಗುವುದಿಲ್ಲ. ಎರಡು ಸಲದ ಮೊತ್ತಗಳನ್ನೂ, ಹಿಂದಕ್ಕೆ ಹೋದವರ ಎಣಿಕೆಯನ್ನೂ ಬರೆದಿಟ್ಟುಕೊಂಡು, ಮೊದಲನೆಯ ಸಲ ಕಳೆದುಹೋದ ಪ್ರತಿಯೊಂದು 1ನ್ನೂ ಒಬ್ಬ ಬೆಳೆಗಾರನ ಧಾರಣೆಯೆಂದು ಎಣಿಸಿ ನೋಡಿ.